ಅಡಿಕೆ ಕಾಟಾದಲ್ಲಿ ತೂಗಿದ ಅಜ್ಜ

ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದ ಮನೆಗಳಿಂದ ಬರುವವರಿಗೆ ‘ಹಾರ್ಟ್ ಫೈಲ್ಯೂರ್’ ಅಂತ ಹೇಳಲು ನನಗೆ ಈಗಲೂ ಹಿಂಜರಿಕೆ. ಕಾಸರಗೋಡಿನ ನಮ್ಮವರಿಗೆ ‘ಹಾರ್ಟ್ ಫೇಲ್ ಆಯ್ತು’ ಅಂದರೆ ಆಸಾಮಿ ಹೋದ ಅಂತಲೇ ಅರ್ಥ. ಹಾಗಾಗಿ ನಾನು ತೋಟದ ಪಂಪಿನ ಮಾತು ತೆಗೆಯುತ್ತೇನೆ. ‘ಪಂಪು ನಿಂತಿಲ್ಲ ಮಾರಾಯ್ರೇ, ವೋಲ್ಟೇಜ್ ಕಮ್ಮಿ. ನೀರು ಮೇಲಿನ ತೋಟಕ್ಕೆ ಏರುವುದಿಲ್ಲ.’ ತಕ್ಷಣ ಅರ್ಥವಾಗುತ್ತದೆ.

ಎಕೋ ಅಂದರೆ ಹೃದಯದ ಸ್ಕ್ಯಾನಿನಲ್ಲಿ ಇಎಫ್, ಅಂದರೆ ಹೃದಯ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ, 40 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಲ್ಕು ಬಗೆಯ ಮದ್ದು ಕೊಡಬೇಕು. 2021ರ ಯುರೋಪಿನ ಮಾರ್ಗಸೂಚಿಯೂ 2022ರ ಅಮೆರಿಕದ್ದೂ ಇದನ್ನೇ ಹೇಳುತ್ತವೆ. ಎನಾಲಾಪ್ರಿಲ್ ಅಥವಾ ಸಕ್ಯುಬಿಟ್ರಿಲ್-ವಾಲ್ಸಾರ್ಟನ್, ನಾಡಿ ನಿಧಾನ ಮಾಡುವ ಮೆಟೊಪ್ರೊಲೊಲ್‌ನಂಥ ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್. ಬರೆದುಕೊಡುವುದು ಸುಲಭ. ಸಣ್ಣದಾಗಿ ಶುರು ಮಾಡಿದ ಡೋಸನ್ನು ಪೂರ್ತಿ ಮಟ್ಟಕ್ಕೆ ಏರಿಸುವುದರಲ್ಲೇ ನಾವು ಸೋಲುವುದು.

ನಾನೂ ಸೋತಿದ್ದೇನೆ. ಒಬ್ಬ ಅಜ್ಜನನ್ನು 14 ತಿಂಗಳು ಮೆಟೊಪ್ರೊಲೊಲ್ 25 ಮಿಲಿಗ್ರಾಂನಲ್ಲೇ ಇಟ್ಟಿದ್ದೆ. ‘ಹೇಗಿದ್ದೀರಿ ಅಜ್ಜ?’ ‘ಒಳ್ಳೆ ಉಂಟು ಡಾಕ್ಟ್ರೇ.’ ನಾನು ‘ಅದೇ ಮಾತ್ರೆ’ ಅಂತ ಗೀಚುತ್ತಿದ್ದೆ. ಆಟಿ ತಿಂಗಳ ಒಂದು ರಾತ್ರಿ ಎರಡು ಗಂಟೆಗೆ ಜೀಪಿನಲ್ಲಿ ತಂದರು. ಮಲಗಲಾಗದೆ ಕುಳಿತೇ ಏದುಸಿರು ಬಿಡುತ್ತಿದ್ದರು, ಕಾಲು ಒತ್ತಿದರೆ ಗುಳಿ. ಆಮೇಲೆ ಫೈಲ್ ತಿರುವಿ ಹಾಕಿದೆ. ಪ್ರತಿ ಸಲವೂ ಬಿಪಿ 130, ನಾಡಿ 88. ಡೋಸ್ ಏರಿಸಲು ಬೇಕಾದಷ್ಟು ಜಾಗ ಇತ್ತು. ಉದಾಸೀನ ನನ್ನದು, ಬೇರೇನಿಲ್ಲ.

2022ರಲ್ಲಿ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನ ಬಂತು. ಮೊದಲ ಮೂರು ಬಗೆಯ ಮದ್ದನ್ನು ಡಿಸ್ಚಾರ್ಜಿಗೆ ಮೊದಲೇ ಅರ್ಧ ಡೋಸಿಗೆ ತಂದು, ಎರಡು ವಾರದಲ್ಲಿ ಪೂರ್ತಿ ಏರಿಸಿ, ರಕ್ತಪರೀಕ್ಷೆ ಮಾಡುತ್ತಾ ಹೋದರು. 180 ದಿನದಲ್ಲಿ ಸತ್ತವರು ಅಥವಾ ಹಾರ್ಟ್ ಫೈಲ್ಯೂರ್‌ನಿಂದ ಮತ್ತೆ ಅಡ್ಮಿಟ್ ಆದವರು 15.2%. ಮಾಮೂಲಿ ಚಿಕಿತ್ಸೆಯವರಲ್ಲಿ 23.3%.

ಅಷ್ಟು ವೇಗ ನಮ್ಮಲ್ಲಿ ಎಲ್ಲರಿಗೂ ಆಗುವುದಿಲ್ಲ. ನಾನು ಮನೆಗೆ ಕಳಿಸುವ ಮೊದಲೇ ನಾಲ್ಕನ್ನೂ ಸಣ್ಣ ಡೋಸಿನಲ್ಲಿ ಶುರು ಮಾಡುತ್ತೇನೆ. ‘ಎರಡು ವಾರ ಬಿಟ್ಟು ಬನ್ನಿ’ ಅನ್ನುವುದಿಲ್ಲ, ಕನ್ನಡದಲ್ಲಿ ತಾರೀಕು ಬರೆದುಕೊಡುತ್ತೇನೆ. ಬರುವಾಗ ರಕ್ತದ ಪೊಟ್ಯಾಸಿಯಂ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಕೈಯಲ್ಲಿರಬೇಕು. ಪ್ರತಿ ಭೇಟಿಗೆ ಒಂದಾದರೂ ಮಾತ್ರೆ ಏರಬೇಕು, ಏರದಿದ್ದರೆ ಯಾಕೆಂದು ಫೈಲಿನಲ್ಲಿ ಬರೆಯಬೇಕು. ಈ ನಿಯಮ ನನಗೆ ನಾನೇ ಹಾಕಿಕೊಂಡದ್ದು. ಡಾಪಾಗ್ಲಿಫ್ಲೋಜಿನ್‌ಗೆ ಏರಿಸುವ ರಗಳೆ ಇಲ್ಲ, 10 ಮಿಲಿಗ್ರಾಂ ಅಷ್ಟೇ. ಆದರೆ ಅದು ಶುಗರ್ ಮಾತ್ರೆ ಅಂತ ಯಾರಾದರೂ ಹೇಳಿಬಿಡುತ್ತಾರೆ. ‘ನನಗೆ ಶುಗರ್ ಇಲ್ಲವಲ್ಲ’ ಅಂತ ನಿಲ್ಲಿಸಿದವರು ಎಷ್ಟೋ ಮಂದಿ.

ಒಬ್ಬ ಅಕ್ಕನ ಪೊಟ್ಯಾಸಿಯಂ ಸುಮ್ನೆ 5.9ಕ್ಕೆ ಹಾರಿತು. ಕ್ರಿಯಾಟಿನಿನ್ ಸರಿಯೇ ಇತ್ತು. ಕೆದಕಿ ಕೇಳಿದರೆ, ಸೊಸೆ ದಿನಕ್ಕೆ ಎರಡು ಬೊಂಡ ಕೊಡುತ್ತಿದ್ದಳು, ತಂಪಿಗೆ ಅಂತ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸ್ಪೈರೊನೊಲ್ಯಾಕ್ಟೋನ್ ಅದನ್ನು ಹೊರಗೆ ಬಿಡುವುದಿಲ್ಲ. ಮೊದಲಾಗಿದ್ದರೆ ಮಾತ್ರೆಯನ್ನೇ ಕಾಯಂ ಹೊಡೆದುಹಾಕುತ್ತಿದ್ದೆ. ಈ ಸಲ ಬೊಂಡ ನಿಲ್ಲಿಸಿ, ಮಾತ್ರೆ ಅರ್ಧ ಮಾಡಿ, ಮೂರನೇ ದಿನ ಮತ್ತೆ ರಕ್ತ ನೋಡಿದೆ. ವಾರದಲ್ಲಿ 4.8ಕ್ಕೆ ಇಳಿಯಿತು.

ಉಪ್ಪಿನ ಕತೆ ಇನ್ನೊಂದು. ‘ಗಂಜಿಗೆ ಉಪ್ಪೇ ಹಾಕುವುದಿಲ್ಲ ಡಾಕ್ಟ್ರೇ’ ಅನ್ನುತ್ತಾರೆ, ನಿಜವೇ. ನಂಜಿಕೊಳ್ಳುವುದು ಮಾತ್ರ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಉಪ್ಪುಸೊಳೆಯ ಪಲ್ಯ, ಉಪ್ಪುನೀರಿನ ನೀರುಮಾವಿನಕಾಯಿ, ಇಲ್ಲವಾದರೆ ಒಣಮೀನು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್ ಬೇರೆ. ಮೈಯಲ್ಲಿ ನೀರು ಕಟ್ಟಿಸಲು ಅದೊಂದೇ ಸಾಕು. ಆ ನೀರು ಇಳಿಸುವ ಮೂತ್ರದ ಮಾತ್ರೆಯನ್ನು ಮಂಗಳೂರಿಗೆ ಬಸ್ಸಿನಲ್ಲಿ ಹೋಗುವ ದಿನ ಎಲ್ಲರೂ ಬಿಡುತ್ತಾರೆ. ಬೈದು ಪ್ರಯೋಜನವಿಲ್ಲ. ಬಂದ ಮೇಲೆ ಸಂಜೆಯೊಳಗೆ ತೆಗೆದುಕೊಳ್ಳಿ ಅನ್ನುತ್ತೇನೆ.

ಆ ಅಜ್ಜ ಈಗ ಮೆಟೊಪ್ರೊಲೊಲ್ 100ರಲ್ಲಿದ್ದಾರೆ. ಬಿಪಿ 100ರ ಆಸುಪಾಸು, ತಲೆಸುತ್ತು ಇಲ್ಲ, ಹಾಗಾಗಿ ಇಳಿಸಿಲ್ಲ. ದಿನಾ ಬೆಳಿಗ್ಗೆ ಅಡಿಕೆ ತೂಗುವ ಕಾಟಾದ ಮೇಲೆ ನಿಂತು ತೂಕ ಬರೆದಿಡುತ್ತಾರೆ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಬೇಕು ಅಂತ ನಮ್ಮ ಒಪ್ಪಂದ. ಕಳೆದ ವಾರ ಫೋನ್ ಬಂತು.

‘ಎರಡೂಕಾಲು ಜಾಸ್ತಿ ಉಂಟು. ಕಾಟಾ ಹಾಳಾಗಿದೆಯಾ ಅಂತ ಅಡಿಕೆ ಚೀಲ ಇಟ್ಟು ನೋಡಿದೆ. ಕಾಟಾ ಸರಿ ಉಂಟು.’

‘ಎಲ್ಲಿ ಊಟ ಅಜ್ಜ?’

‘ಎರಡು ಮದುವೆ ಇತ್ತು.’

ಮೂರು ದಿನ ಮೂತ್ರದ ಮಾತ್ರೆ ಒಂದೊಂದು ಹೆಚ್ಚಿಗೆ ತೆಗೆದುಕೊಳ್ಳಲು ಹೇಳಿದೆ.