ಮಾಡಿನ ನೆರಳಿನ ಪಾತಿಗೆ ಗುಲಾಬಿ ಆರಿಸಿದ ಬಗೆ

ಉಡುಪಿಯ ನಮ್ಮ ಹಂಚಿನ ಮನೆಯ ಉತ್ತರ ಬದಿಯಲ್ಲಿ, ಗೋಡೆಯಿಂದ ಐದಡಿ ದೂರದಲ್ಲಿ ಒಂದು ಹೂವಿನ ಪಾತಿಯಿದೆ. ಅಲ್ಲಿ ಗುಲಾಬಿ ಬೆಳೆಸಬೇಕೆಂದು ಮೇ ತಿಂಗಳಲ್ಲಿ ಬಿಸಿಲನ್ನು ಗಮನಿಸಿದಾಗ ದಿನವಿಡೀ ಚೆನ್ನಾಗಿಯೇ ಬೀಳುತ್ತಿತ್ತು. ಆ ನಂಬಿಕೆಯಲ್ಲಿ ಮಳೆ ಮುಗಿದ ಮೇಲೆ ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ ಎಂಬ ಬಗೆಯ ನಾಲ್ಕು ಗುಲಾಬಿ ಗಿಡಗಳನ್ನು ನೆಟ್ಟೆ. ಡಿಸೆಂಬರ್ ಹೊತ್ತಿಗೆ ಅವುಗಳ ಕಡ್ಡಿಗಳು ಸಣಕಲಾಗಿ ಬೆಳಕಿನತ್ತ ವಾಲಿದವು. ಮೊಗ್ಗುಗಳು ಅರಳದೆ ಕಂದಿ ಉದುರಿದವು.

"ಹೂ ಬಿಡುವ ಕಾಲಕ್ಕೆ ಬಿಸಿಲು ಎಲ್ಲಿರುತ್ತದೆಂದು ನೋಡಿದೆಯಾ ಮಗಾ?" ಎಂದು ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಅತ್ತೆ ಕೇಳಿದಾಗಲೇ ನನಗೆ ತಪ್ಪು ಹೊಳೆದದ್ದು. ನಮ್ಮೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ ವಾಲುತ್ತಾನೆ. ಹೀಗಾಗಿ ಮಳೆಯ ಮೋಡ ಕವಿದಿರುವಾಗ ಬಿಸಿಲಿಗೆ ತೆರೆದಿರುವ ಪಾತಿ, ಗುಲಾಬಿಗೆ ಬಿಸಿಲು ಬೇಕಾದ ಚಳಿಗಾಲದಲ್ಲಿ ಮಾಡಿನ ನೆರಳಿಗೆ ಸಿಕ್ಕುತ್ತದೆ.

ಮರುದಿನ ಗಂಟೆಗೊಮ್ಮೆ ನೆರಳಿನ ಅಂಚಿಗೆ ತೆಂಗಿನ ಕಡ್ಡಿ ಚುಚ್ಚುತ್ತಾ ಹೋದೆ. ಮನೆಯ ಮೂಲೆಯನ್ನು ದಾಟಿ ಚಾಚಿದ್ದ ಪೂರ್ವದ ತುದಿಗೆ ಮಾತ್ರ ಬೆಳಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ನಾಲ್ಕು ಗಂಟೆ ಬಿಸಿಲು ಸಿಗುತ್ತಿತ್ತು. ಗುಲಾಬಿಗೆ ಆರು ಗಂಟೆಯಾದರೂ ಬಿಸಿಲು ಬೇಕೆನ್ನುವುದು ನಿಜ. ಆದರೆ ನಾಲ್ಕೇ ಗಂಟೆಯಾದರೆ ಅದು ಬೆಳಗಿನದಾಗಿರುವುದು ಮೇಲು, ಏಕೆಂದರೆ ರಾತ್ರಿಯ ಇಬ್ಬನಿ ಬೇಗ ಆರುತ್ತದೆ. ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಮೊಳೆಯುತ್ತದೆ. ಅಂಚು ಎಳೆಎಳೆಯಾಗಿ ಹರಡಿದ ಕರಿಯ ಕಲೆ, ಸುತ್ತ ಹಳದಿ, ಬೆರಳು ತಾಗಿದರೆ ಸಾಕು, ಎಲೆ ಕಳಚಿ ಕೈಗೆ ಬರುತ್ತದೆ.

ಮುಂದಿನ ಅಕ್ಟೋಬರಿನಲ್ಲಿ ಆ ತುದಿಯನ್ನಷ್ಟೇ ಕೆಂಪುಕಲ್ಲಿನಿಂದ ಒಂದಡಿ ಎತ್ತರಿಸಿ, ಅತ್ತೆ ಮಲ್ಲಿಗೆಗೆ ಹಾಕುವಂತೆಯೇ ಸುಡುಮಣ್ಣು, ಹಳೆಯ ಸೆಗಣಿ ಗೊಬ್ಬರ ಮತ್ತು ಬೇವಿನ ಹಿಂಡಿ ಬೆರೆಸಿದೆ. ಈ ಸಲ ಹೂವಿನ ಗಾತ್ರವನ್ನು ನೋಡದೆ, ಗೊಂಚಲಾಗಿ ಅರಳುವ ಗಿಡಗಳನ್ನೇ ಹುಡುಕಿದೆ. ನೆರಳಿಗೆ ಒಂದೆರಡು ಮೊಗ್ಗು ಹೋದರೂ ಗೊಂಚಲು ಬರಿದಾಗುವುದಿಲ್ಲ. ಜರ್ಮನಿಯ ಕೋರ್ಡೆಸ್ ಸಂಸ್ಥೆ 1958ರಲ್ಲಿ ಹೊರತಂದ ಬಿಳಿ ಹೂವಿನ ಐಸ್‌ಬರ್ಗ್ ತಳಿಯ ಎರಡು ಗಿಡ ತಂದೆ. ಅತ್ತೆಯ ಮನೆಯ ಪನ್ನೀರು ಗುಲಾಬಿಯ ಕಡ್ಡಿಯನ್ನೂ ಬೇರು ಬರಿಸಿ ನೆಟ್ಟೆ. ಗಿಡಗಳ ನಡುವೆ ಮೂರಡಿ ಅಂತರ ಬಿಟ್ಟೆ. ನೆರಳಿನ ಜಾಗದಲ್ಲಿ ಗಾಳಿಯಾಡುವುದು ಗೊಬ್ಬರದಷ್ಟೇ ಮುಖ್ಯವೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಐಸ್‌ಬರ್ಗ್‌ಗೂ ಕಪ್ಪು ಚುಕ್ಕೆ ಬಾರದೆ ಬಿಡುವುದಿಲ್ಲ. ಜುಲೈಯಲ್ಲಿ ಅರ್ಧದಷ್ಟು ಎಲೆ ಉದುರಿತು. ಬಿದ್ದ ಎಲೆಗಳನ್ನು ದಿನವೂ ಹೆಕ್ಕಿ ಸುಟ್ಟೆ, ಮಳೆ ಬಿಟ್ಟ ಮೇಲೆ ಒಣಗಿದ ಕಡ್ಡಿಗಳನ್ನು ಹಗುರವಾಗಿ ಸವರಿದೆ. ಡಿಸೆಂಬರಿನಲ್ಲಿ ಗೊಂಚಲು ತುಂಬಿ ಅರಳಿತು. ಗೋಡೆಯ ಕಡೆಯ ನೆರಳಿನ ಭಾಗವನ್ನು ಈಗ ಅಬ್ಬಲಿಗೆಗೆ ಬಿಟ್ಟುಕೊಟ್ಟಿದ್ದೇನೆ.