ನರ ಅಂದರೆ ಯಾವ ನರ?

"ಡಾಕ್ಟ್ರೇ, ನರ ಹಿಡ್ಕೊಂಡಿದೆ."

ತೀರ್ಥಹಳ್ಳಿ ಕಡೆಯ ನನ್ನ ಪುಟ್ಟ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ, ಅಡಿಕೆ ಕೊಯ್ಲು ಶುರುವಾಯಿತು ಅಂದರೆ ದಿನಾ ಕೇಳುವ ಮಾತು ಇದು. ಸೊಂಟದಿಂದ ಕಾಲಿಗೆ ಜೋಮು ಇಳಿದರೂ ನರ. ಮೀನಖಂಡದಲ್ಲಿ ನೀಲಿ ರಕ್ತನಾಳ ಉಬ್ಬಿದರೂ ನರ. ಹಿಮ್ಮಡಿಯ ಮೇಲಿನ ಗಟ್ಟಿ ಹುರಿ ನೋಯುತ್ತಿದ್ದರೂ ನರ. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ಹೆಸರು ಮಾತ್ರ ಒಂದೇ.

ಶುರುವಿನಲ್ಲಿ ನಾನು ಇದನ್ನು ತಿದ್ದಲು ಹೋಗುತ್ತಿದ್ದೆ. ಒಬ್ಬ ಅಕ್ಕ ಬಂದಿದ್ದರು. ಒಂದು ತಿಂಗಳಿಂದ ರಾತ್ರಿ ಹನ್ನೊಂದರ ತನಕ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದಿದ್ದಾರೆ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಮುಟ್ಟಿದರೆ ಜೀವ ಹೋಗುವಷ್ಟು ನೋವು. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿಸಿ, ಕೈಯನ್ನು ಕಿರುಬೆರಳಿನ ಕಡೆ ಮೆಲ್ಲಗೆ ಬಾಗಿಸಿದೆ. ಕಿರುಚಿದರು. ಅಲ್ಲಿಗೆ ವಿಷಯ ಗೊತ್ತಾಯಿತು. ಅಲ್ಲಿ ಎರಡು ಹುರಿಗಳು ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ ಹಾದುಹೋಗುತ್ತವೆ. ಒಂದೇ ಕೆಲಸ ಮತ್ತೆ ಮತ್ತೆ ಮಾಡಿದರೆ ಆ ಕೊಳವೆ ದಪ್ಪವಾಗಿ, ಹುರಿ ಜಾರುವುದಕ್ಕೆ ಜಾಗ ಸಾಲುವುದಿಲ್ಲ.

"ನರ ಅಲ್ಲ ಅಕ್ಕ, ಸ್ನಾಯುರಜ್ಜು" ಅಂದೆ.

"ಸ್ನಾಯು ಅಂದ್ರೆ ಮಾಂಸ ಅಲ್ವಾ? ಇಲ್ಲಿ ಮಾಂಸ ಎಲ್ಲಿದೆ?" ಅಂತ ಕೇಳಿದರು. ಸರಿಯಾದ ಪ್ರಶ್ನೆಯೇ. ನಾನು ವಿವರಿಸಿದೆ: ಮಾಂಸವನ್ನು ಎಲುಬಿಗೆ ಕಟ್ಟುವ ಬಿಳಿ ಹುರಿ ಅದು. ಮಾಂಸ ಎಳೆದರೆ ಹುರಿ ಎಳೆಯುತ್ತದೆ, ಹುರಿ ಎಳೆದರೆ ಬೆರಳು ಮಡಚುತ್ತದೆ. ಅಕ್ಕನ ಮುಖ ಬೆಳಗಿತು. "ಓ, ಕೋಳಿ ಕಾಲಿನ ನರವಾ!"

ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿ ಕೋಳಿ ಕೊಯ್ದ ದಿನ, ಕತ್ತರಿಸಿ ಬಿಸಾಡಿದ ಕಾಲು ಮಕ್ಕಳ ಪಾಲು. ತುದಿಯಲ್ಲಿ ಇಣುಕುವ ಬಿಳಿ ದಾರವನ್ನು ಉಗುರಿನಲ್ಲಿ ಹಿಡಿದು ಎಳೆದರೆ ಸತ್ತ ಕೋಳಿಯ ಬೆರಳು ಮಡಚುತ್ತದೆ, ಬಿಟ್ಟರೆ ಸಡಿಲವಾಗುತ್ತದೆ. ನಾನೂ ಎಷ್ಟೋ ಸಲ ಎಳೆದಿದ್ದೆ. ಕಾಲೇಜಿನಲ್ಲಿ ಕೈಯ ರಚನೆ ಓದುವಾಗ ಅದು ನೆನಪಿಗೇ ಬರಲಿಲ್ಲ.

ಆವತ್ತಿನಿಂದ ನಾನು ಈ ಪದದ ಹಿಂದೆ ಬಿದ್ದೆ. ನೋಡಿದರೆ, ತಪ್ಪು ಅಕ್ಕನದಲ್ಲ. ನಾವು ಈಗ ಪಠ್ಯಪುಸ್ತಕದಲ್ಲಿ ಮಾಂಸಖಂಡಕ್ಕೆ ಹೇಳುವ 'ಸ್ನಾಯು' ಹಳೆಯ ಸಂಸ್ಕೃತದಲ್ಲಿ ಮಾಂಸವೇ ಅಲ್ಲ. ಸುಶ್ರುತ ಸಂಹಿತೆಯಲ್ಲಿ ಮಾಂಸಕ್ಕೆ 'ಪೇಶಿ' ಅನ್ನುವ ಬೇರೆ ಮಾತಿದೆ, ಸ್ನಾಯು ಅಂದರೆ ಕಟ್ಟುವ ಹುರಿ. ದೇಹದಲ್ಲಿ 900 ಸ್ನಾಯುಗಳನ್ನು ಎಣಿಸಿ, ಅವುಗಳಲ್ಲಿ ದುಂಡಗಿರುವುದನ್ನು 'ಕಂಡರ' ಅಂತ ಕರೆದಿದ್ದಾರೆ. ಹಲಗೆಗಳನ್ನು ಹಗ್ಗದಿಂದ ಬಿಗಿದರೆ ದೋಣಿ ಹೇಗೆ ಭಾರ ಹೊರುತ್ತದೋ, ಸ್ನಾಯು ಬಿಗಿದ ದೇಹವೂ ಹಾಗೆ ಭಾರ ಹೊರುತ್ತದೆ ಅನ್ನುವ ಹೋಲಿಕೆ ಅಲ್ಲಿದೆ. ತುಂಗೆಯಲ್ಲಿ ದೋಣಿ ಕಂಡವನಿಗೆ ಇದಕ್ಕಿಂತ ಚೆನ್ನಾದ ಪಾಠ ಬೇಕಾ?

ನಮ್ಮ 'ನರ'ದ ಕಥೆಯೂ ಹಾಗೇ. ತಮಿಳಿನ 'ನರಂಬು' ಇದರ ಒಡಹುಟ್ಟು. ಅಲ್ಲಿ ಅದಕ್ಕೆ ಹುರಿ, ರಕ್ತನಾಳ, ವೀಣೆಯ ತಂತಿ ಎಲ್ಲ ಅರ್ಥವೂ ಇದೆ. ಇಂಗ್ಲಿಷಿನ 'ನರ್ವ್' ಕೂಡ ಲ್ಯಾಟಿನ್ನಿನ 'ನೆರ್ವುಸ್'ನಿಂದ ಬಂತು. ಮೊದಲು ಅದರ ಅರ್ಥ ಹುರಿ, ಬಿಲ್ಲಿನ ಹೆದೆ ಅಂತಲೇ. ಈ ನೆರ್ವುಸ್ ಮತ್ತು ಸಂಸ್ಕೃತದ ಸ್ನಾಯು ಒಂದೇ ಬೇರಿನವು. ಅಂದರೆ ಬಿಳಿ ಹುರಿಯನ್ನೂ ನರವನ್ನೂ ಒಂದೇ ಹೆಸರಿನಿಂದ ಕರೆದಿದ್ದು ನಮ್ಮ ಹಳ್ಳಿಯವರು ಮಾತ್ರ ಅಲ್ಲ. ಹೊರಗಿಂದ ನೋಡಿದರೆ ಎರಡೂ ಬೆಳ್ಳಗೆ, ಉದ್ದಕ್ಕೆ, ದಾರದ ಹಾಗೇ ಕಾಣುತ್ತವೆ.

ಆದರೆ ಈ ಗೊಂದಲ ಸುಮ್ನೆ ಬಿಡುವಂಥದ್ದಲ್ಲ. ಒಬ್ಬ ಹುಡುಗನ ಉಂಗುರ ಬೆರಳಿಗೆ ಸೊಪ್ಪು ಕೊಯ್ಯುವಾಗ ಕತ್ತಿ ತಾಗಿತ್ತು. ಹೊಲಿಗೆ ಹಾಕಿದ ಕಡೆ "ನರಕ್ಕೆ ಏನೂ ಆಗಿಲ್ಲ" ಅಂದರಂತೆ. ಅದು ನಿಜವೂ ಹೌದು, ಬೆರಳ ತುದಿಗೆ ಸ್ಪರ್ಶ ಇತ್ತು. ಮನೆಯವರು ಎಲ್ಲ ಸರಿ ಇದೆ ಅಂದುಕೊಂಡರು. ಒಂದೂವರೆ ತಿಂಗಳ ಮೇಲೆ ನನ್ನ ಹತ್ತಿರ ಬಂದಾಗ ನಡುಗಂಟು ಹಿಡಿದು "ತುದಿ ಮಡಚು ತಮ್ಮಾ" ಅಂದೆ. ಅಲ್ಲಾಡಲಿಲ್ಲ. ಹುರಿ ತುಂಡಾಗಿ ಅಂಗೈ ಕಡೆ ಸರಿದುಹೋಗಿತ್ತು. ಮೊದಲ ವಾರಗಳಲ್ಲೇ ಗೊತ್ತಾಗಿದ್ದರೆ ಎರಡು ತುದಿ ಸೇರಿಸಿ ಹೊಲಿಯುವುದು ಸುಲಭವಿತ್ತು. ಈಗ ದೊಡ್ಡ ಆಪರೇಷನ್ನಿಗೆ ಕಳಿಸಬೇಕಾಯಿತು. ಆ ಹುಡುಗನ ಅಪ್ಪನ ಮುಖ ಇವತ್ತಿಗೂ ಮರೆತಿಲ್ಲ.

ಅದಾದ ಮೇಲೆ ನಾನು 'ನರ' ಅನ್ನುವ ಪದವನ್ನು ಬಿಡಿಸಲು ಹೋಗಲಿಲ್ಲ, ಮೂರು ಮಾಡಿದೆ. ಹಗ್ಗದ ನರ, ತಂತಿ ನರ, ರಕ್ತದ ನರ. ಹಗ್ಗದ ನರ ಎಳೆಯುವುದಕ್ಕೆ. ತಂತಿ ನರ ಕರೆಂಟಿನ ಹಾಗೆ ಸುದ್ದಿ ಒಯ್ಯುವುದಕ್ಕೆ. ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ, ಗೊತ್ತಾಗುತ್ತದೆ. ಕೋಳಿ ತಿನ್ನದ ಮನೆಯವರಿಗೆ ಬಾವಿಯ ಹಗ್ಗ ಮತ್ತು ರಾಟೆ ತೋರಿಸುತ್ತೇನೆ. ಮೆಡಿಕಲ್ ಶಾಪಿನಿಂದ ತಂದು ನುಂಗುವ 'ನರದ ಮಾತ್ರೆ' ಹಗ್ಗದ ನರದ ನೋವಿಗೆ ಅಲ್ಲ ಅಂತ ಹೇಳುವುದೂ ಈಗ ಸುಲಭ. ಹಗ್ಗದ ನರಕ್ಕೆ ರಕ್ತ ಕಡಿಮೆ, ಆದ್ದರಿಂದ ಮಾಗುವುದು ನಿಧಾನ. ವಾರಗಟ್ಟಲೆ ತಾಳ್ಮೆ ಬೇಕು ಅಂದರೆ ಒಪ್ಪುತ್ತಾರೆ.

ಸುಲಿತದ ಅಕ್ಕನಿಗೆ ಹೆಬ್ಬೆರಳಿಗೆ ಪಟ್ಟಿ ಕಟ್ಟಿ, ಮೆಟ್ಟುಗತ್ತಿ ಬಿಡಿಸಿ, ಆಮೇಲೆ ಮೆಲ್ಲಗೆ ವ್ಯಾಯಾಮ ಶುರು ಮಾಡಿಸಿದ್ದೆ. ವಾಸಿಯಾಯಿತು. ಮುಂದಿನ ಸುಗ್ಗಿಗೆ ನಾದಿನಿಯನ್ನು ಕರೆದುಕೊಂಡು ಬಂದರು.

"ಡಾಕ್ಟ್ರೇ, ಇವಳದ್ದು ಹಗ್ಗದ ನರ ಅಲ್ಲ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರ ಆಗ್ತದಂತೆ. ತಂತಿ ನರ ಇರ್ಬೇಕು."

ಮಣಿಕಟ್ಟಿನ ನಡುವೆ ಬೆರಳಿನಿಂದ ತಟ್ಟಿ ನೋಡಿದೆ. ಹೆಬ್ಬೆರಳಿನಿಂದ ನಡುಬೆರಳಿನ ತನಕ ಜುಂ ಅಂತು ಅಂದರು. ತಂತಿ ನರವೇ.