ಬುಡ ಸ್ಪಷ್ಟ, ಗರಿ ಮಸುಕು: ಟಿಲ್ಟ್-ಶಿಫ್ಟ್ ಚಿತ್ರ ಸರಿಪಡಿಸಿದ್ದು ಹೀಗೆ

ಕೊಪ್ಪಳ ಜಿಲ್ಲೆಯ ಅಂಜನಾದ್ರಿ ಬೆಟ್ಟದ ಮೇಲಿಂದ ತೆಗೆದ ಚಿತ್ರ. ಟಿಲ್ಟ್-ಶಿಫ್ಟ್ ಎಂದರೆ ನಡುವಿನ ಪಟ್ಟಿಯನ್ನಷ್ಟೇ ಸ್ಪಷ್ಟವಾಗಿಟ್ಟು, ಮೇಲೂ ಕೆಳಗೂ ಮಸುಕಾಗಿಸಿ ನಿಜ ದೃಶ್ಯವನ್ನು ಪುಟ್ಟ ಮಾದರಿಯಂತೆ ತೋರಿಸುವ ತಂತ್ರ. ಕೆಳಗಿನ ಭತ್ತದ ಗದ್ದೆ, ರಸ್ತೆ, ಆಟೋಗಳೆಲ್ಲ ಆಟಿಕೆಯಂತೆ ಕಾಣಬೇಕಿತ್ತು. ಕೆಟ್ಟದ್ದು ರಸ್ತೆಬದಿಯ ತೆಂಗಿನ ಮರಗಳಲ್ಲಿ: ಬುಡ ಸ್ಪಷ್ಟ, ಗರಿ ಮಸುಕು. ಪುಟ್ಟ ಮಾದರಿಯನ್ನು ಹತ್ತಿರದಿಂದ ತೆಗೆದರೆ ಇಡೀ ಮರ ಹೆಚ್ಚುಕಡಿಮೆ ಒಂದೇ ಫೋಕಸ್‌ನಲ್ಲಿರುತ್ತದೆ. ಸಾಫ್ಟ್‌ವೇರ್ ಎಳೆಯುವ ಈ ಸ್ಪಷ್ಟ ಅಡ್ಡಪಟ್ಟಿ ದೂರ ನೋಡುವುದಿಲ್ಲ, ಚಿತ್ರದಲ್ಲಿನ ಎತ್ತರ ಮಾತ್ರ ನೋಡುತ್ತದೆ. ಭ್ರಮೆ ಒಡೆಯುವುದು ಅಲ್ಲೇ.

ಗಿಂಪ್ ಎಂಬ ಉಚಿತ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮಾಡಿದ್ದು ಹೀಗೆ. ಚಿತ್ರದ ಲೇಯರ್‌ನ (ಪದರದ) ನಕಲು ತೆಗೆದು, ಆ ನಕಲಿನಲ್ಲಿ ಗರಿಗಳನ್ನು ಕ್ಲೋನ್ ಟೂಲ್‌ನಿಂದ ಪಕ್ಕದ ಗದ್ದೆಯ ಹಸಿರಿನಲ್ಲಿ ಮುಚ್ಚಿ. ಆಮೇಲೆಯೇ ಆ ನಕಲಿಗೆ ಗಾಸಿಯನ್ ಬ್ಲರ್ (ಮಸುಕಾಗಿಸುವ ಫಿಲ್ಟರ್). 6000 ಪಿಕ್ಸೆಲ್ ಅಗಲದ ಚಿತ್ರಕ್ಕೆ 25ರಿಂದ 30 ಪಿಕ್ಸೆಲ್ ಸಾಕು. ಈ ಕ್ರಮ ತಪ್ಪಿಸಬೇಡಿ: ಮುಚ್ಚದೆ ಬ್ಲರ್ ಮಾಡಿದರೆ ಗರಿಯ ಬಣ್ಣ ಸುತ್ತಲೂ ಹರಡಿ, ಮರದ ತಲೆಗೆ ಕೊಳಕು ಪ್ರಭಾವಳಿ ಕಟ್ಟುತ್ತದೆ.

ಬ್ಲರ್ ಲೇಯರ್‌ಗೆ ಮಾಸ್ಕ್ (ಕಪ್ಪಿದ್ದಲ್ಲಿ ಆ ಲೇಯರನ್ನು ಮರೆಮಾಡುವ ಪರದೆ) ಹಾಕಿ, ಬೈ-ಲೀನಿಯರ್ ಗ್ರೇಡಿಯೆಂಟನ್ನು (ನಡುವಿನಿಂದ ಎರಡೂ ಬದಿಗೆ ಬದಲಾಗುವ ಬಣ್ಣದ ಇಳಿಜಾರನ್ನು) ರಸ್ತೆಯ ನಡುವಿನಿಂದ ಮೇಲಕ್ಕೆ ಎಳೆಯಿರಿ. ಮುಂಬಣ್ಣ ಕಪ್ಪು, ಹಿಂಬಣ್ಣ ಬಿಳಿ. ಕೊನೆಗೆ ಮಾಸ್ಕ್ ಮೇಲೆ ಗರಿಗಳ ಆಕಾರಕ್ಕೆ ಸರಿಯಾಗಿ ಸಣ್ಣ, ಮೃದು ಅಂಚಿನ ಬ್ರಷ್‌ನಿಂದ ಕಪ್ಪು ಬಳಿದರೆ ಕೆಳಗಿನ ಲೇಯರ್‌ನ ಸ್ಪಷ್ಟ ಗರಿ ಮೇಲೆದ್ದು ಬರುತ್ತದೆ. ಗರಿಗಳ ಸಂದಿಯಲ್ಲಿ 200% ಜೂಮ್ ಇಟ್ಟು ತಾಳ್ಮೆಯಿಂದ ಬಳಿಯಿರಿ, ಅವಸರವಾದರೆ ಕತ್ತರಿಸಿ ಅಂಟಿಸಿದಂತಾಗುತ್ತದೆ.

ಸ್ಯಾಚುರೇಶನ್ (ಬಣ್ಣದ ಗಾಢತೆ) ತುಸು ಏರಿಸಿ, ಬಣ್ಣ ಬಳಿದ ಆಟಿಕೆಯ ಕಳೆ ಬರುತ್ತದೆ. ಚಿತ್ರ ತೆಗೆಯುವಾಗ ಲೆನ್ಸ್ ಅಪರ್ಚರ್ (ಬೆಳಕಿನ ಕಿಂಡಿ) ಎಫ್/8 ಇಡಿ, ಆಕಾಶ ಸೇರಿಸಬೇಡಿ. ಬೇಸಿಗೆಯ ಧೂಳಿನ ಮಬ್ಬು ನಿಜವಾದ ದೂರದ ಗುಟ್ಟನ್ನು ಬಿಟ್ಟುಕೊಡುತ್ತದೆ. ಮಳೆ ನಿಂತ ಮರುದಿನದ ಬಿಸಿಲೇ ವಾಸಿ.